ಸೇವೆಯ ಹೊರೆ, ಸ್ವಾತಂತ್ರ್ಯದ ಸನ್ನದು: ಪೀಟರ್ ಮತ್ತು ಕ್ಯಾಥರೀನ್ ಆಳ್ವಿಕೆಗಳ ತೌಲನಿಕ ವಿವೇಚನೆ

ಹದಿನೆಂಟನೆಯ ಶತಮಾನದ ರಷ್ಯಾವನ್ನು ಕುರಿತ ಬರವಣಿಗೆಗಳಲ್ಲಿ ಮೊದಲನೆಯ ಪೀಟರ್ (1682–1725) ಮತ್ತು ಎರಡನೆಯ ಕ್ಯಾಥರೀನ್ (1762–1796) ಬಹುಮಟ್ಟಿಗೆ ಜೋಡಿಯಾಗಿಯೇ ಕಾಣಿಸಿಕೊಳ್ಳುತ್ತಾರೆ. ಇಬ್ಬರಿಗೂ ‘ಮಹಾ’ ಎಂಬ ವಿಶೇಷಣ ಸಂದಿದೆ. ಒಬ್ಬನು ಬಾಲ್ಟಿಕ್ ಕರಾವಳಿಯನ್ನೂ ಮತ್ತೊಬ್ಬಳು ಕಪ್ಪು ಸಮುದ್ರದ ಉತ್ತರ ತೀರವನ್ನೂ ರಷ್ಯಾಕ್ಕೆ ಸೇರಿಸಿದರು. ಇಬ್ಬರ ದೃಷ್ಟಿಯೂ ಪಶ್ಚಿಮ ಯುರೋಪಿನತ್ತಲೇ ಇತ್ತು. ಈ ಹೋಲಿಕೆಯ ಪರಂಪರೆ ಹಳೆಯದು. ಇತಿಹಾಸಕಾರ ನಿಕೊಲಾಯ್ ಕರಮ್ಜಿನ್ 1811ರಲ್ಲಿ ಚಕ್ರವರ್ತಿ ಮೊದಲನೆಯ ಅಲೆಕ್ಸಾಂಡರನಿಗಾಗಿ ಬರೆದ ಟಿಪ್ಪಣಿಯಲ್ಲಿ, ಪೀಟರನು ಬಲಾತ್ಕಾರದಿಂದ ಜನಪದದ ಆಚಾರಗಳಿಗೆ ಘಾಸಿ ಮಾಡಿದನೆಂದೂ ಕ್ಯಾಥರೀನಳು ನಿರಂಕುಶ ಪ್ರಭುತ್ವವನ್ನು ಕ್ರೌರ್ಯದಿಂದ ಶುದ್ಧಗೊಳಿಸಿದಳೆಂದೂ ಅಭಿಪ್ರಾಯಪಟ್ಟಿದ್ದಾನೆ. ಒರಟು ಪೀಟರ್, ಸುಸಂಸ್ಕೃತ ಕ್ಯಾಥರೀನ್ ಎಂಬ ಈ ಚಿತ್ರ ಇಂದಿಗೂ ಪಠ್ಯಗಳಿಂದ ಮರೆಯಾಗಿಲ್ಲ. ಆದರೆ ಇದು ಕುಲೀನರ ಮನೆಯ ಪಡಸಾಲೆಯಲ್ಲಿ ಕುಳಿತು ಕಂಡ ಚಿತ್ರ. ಹೊಲದಲ್ಲಿ ನಿಂತು ನೋಡಿದವನಿಗೆ ಈ ಎರಡು ಆಳ್ವಿಕೆಗಳ ಅಂತರ ಬೇರೆಯೇ ಆಗಿತ್ತು.

ಪೀಟರನ ರಾಜ್ಯವ್ಯವಸ್ಥೆಯ ಮೂಲತತ್ತ್ವ ಸೇವೆ. 1700ರಿಂದ 1721ರವರೆಗೆ ನಡೆದ ಸ್ವೀಡನ್ ವಿರುದ್ಧದ ಯುದ್ಧ ಆ ತತ್ತ್ವವನ್ನು ಎಲ್ಲರ ಮೇಲೂ ಹೇರಿತು. ಕುಲೀನ ಮನೆತನದ ಯುವಕನು ಸಾಮಾನ್ಯ ಸೈನಿಕನಾಗಿ ಸೇನೆಗೆ ಸೇರಿ ಜೀವಮಾನವಿಡೀ ದುಡಿಯಬೇಕಿತ್ತು. ಅಂಕಗಣಿತವನ್ನೂ ಒಂದಿಷ್ಟು ರೇಖಾಗಣಿತವನ್ನೂ ಕಲಿಯದ ಕುಲೀನನಿಗೆ ಮದುವೆಯ ಅನುಮತಿ ದೊರೆಯಕೂಡದೆಂಬ 1714ರ ಆಜ್ಞೆ ಇಂದು ನಗೆ ತರಿಸಿದರೂ, ಕುಲವನ್ನು ಅರ್ಹತೆಯ ಅಧೀನಕ್ಕೆ ತರುವ ಉದ್ದೇಶ ಅದರಲ್ಲಿ ಸ್ಪಷ್ಟವಾಗಿದೆ. 1722ರ ಶ್ರೇಣಿಪಟ್ಟಿ ಇದೇ ಉದ್ದೇಶದ ಪ್ರೌಢರೂಪ. ಹದಿನಾಲ್ಕು ಶ್ರೇಣಿಗಳ ಆ ಪಟ್ಟಿಯಲ್ಲಿ ನಾಗರಿಕ ಸೇವೆಯ ಎಂಟನೆಯ ಶ್ರೇಣಿಗೆ ಏರಿದ ಸಾಮಾನ್ಯನೂ ವಂಶಪಾರಂಪರ್ಯ ಕುಲೀನನಾಗುತ್ತಿದ್ದನು. ದೊರೆಯೂ ಈ ತತ್ತ್ವಕ್ಕೆ ಹೊರತಲ್ಲವೆಂದು ತೋರಿಸಲು ಪೀಟರನು ಕೆಳಗಿನ ಹುದ್ದೆಯಿಂದಲೇ ಸೇನೆಯಲ್ಲಿ ಮೇಲೇರಿದನು. ಇದರಲ್ಲಿ ಪ್ರದರ್ಶನವೂ ಇತ್ತೆಂಬುದನ್ನು ಅಲ್ಲಗಳೆಯಲಾಗದು.

ಹಾಗೆಂದು ರೈತನ ಸ್ಥಿತಿ ಸುಧಾರಿಸಿತೆಂದು ಭಾವಿಸಬೇಕಿಲ್ಲ. ರಷ್ಯಾದ ರೈತನ ಬಂಧನವನ್ನು ಕನ್ನಡದಲ್ಲಿ ‘ಜೀತ’ವೆಂದು ಕರೆಯುವುದುಂಟು. ಈ ಪದಪ್ರಯೋಗ ಪೂರ್ತಿ ಸಮರ್ಪಕವಲ್ಲ. ಜೀತದ ಹಿಂದೆ ಸಾಮಾನ್ಯವಾಗಿ ಸಾಲವಿರುತ್ತದೆ. ರಷ್ಯಾದ ರೈತನು ಯಾವ ಸಾಲವನ್ನೂ ಮಾಡದೆ, 1649ರ ಕಾನೂನು ಸಂಹಿತೆಯ ಪ್ರಕಾರ ಹುಟ್ಟಿನಿಂದಲೇ ಒಡೆಯನ ನೆಲಕ್ಕೆ ಕಟ್ಟುಬಿದ್ದವನು. ಪೀಟರನು ಈ ಕಟ್ಟನ್ನು ಇನ್ನಷ್ಟು ಬಿಗಿದನು. 1705ರಿಂದ ಇಪ್ಪತ್ತು ಮನೆಗಳಿಗೊಬ್ಬನಂತೆ ಸೈನಿಕ ಭರ್ತಿ ನಡೆಯಿತು. 1724ರಲ್ಲಿ ತಲೆಗಂದಾಯ ಜಾರಿಗೆ ಬಂದಿತು. ಅದರ ಗಣತಿಯಲ್ಲಿ ಮನೆಯಾಳುಗಳಾದ ಗುಲಾಮರನ್ನೂ ರೈತರನ್ನೂ ಒಂದೇ ಪಟ್ಟಿಯಲ್ಲಿ ಬರೆದುದರಿಂದ ಗುಲಾಮಗಿರಿಯ ಹಳೆಯ ವರ್ಗ ಅಳಿಯಿತು. ರೈತನು ಗುಲಾಮನಿಗೆ ಹತ್ತಿರವಾದನು. ಆದರೂ ಈ ಹೊರೆಗೆ ಒಂದು ಸಮರ್ಥನೆ ಉಳಿದಿತ್ತು. ರೈತನು ಒಡೆಯನಿಗೆ ದುಡಿಯುತ್ತಿದ್ದನು, ಒಡೆಯನು ರಾಜ್ಯಕ್ಕೆ ದುಡಿಯುತ್ತಿದ್ದನು. ಅನ್ಯಾಯವಿದ್ದರೂ ಅದರೊಳಗೆ ಒಂದು ತರ್ಕವಿತ್ತು.

ಆ ತರ್ಕ ಮುರಿದುಬಿದ್ದುದು 1762ರ ಫೆಬ್ರುವರಿ 18ರಂದು. ಅಂದು ಮೂರನೆಯ ಪೀಟರನು ಕುಲೀನರನ್ನು ಕಡ್ಡಾಯ ಸೇವೆಯಿಂದ ಬಿಡುಗಡೆ ಮಾಡಿದನು. ನ್ಯಾಯವಾಗಿ ಮರುದಿನವೇ ರೈತರ ಬಿಡುಗಡೆಯಾಗಬೇಕಿತ್ತು; ಅದು ಫೆಬ್ರುವರಿ 19ರಂದೇ ಆಯಿತು, ಆದರೆ ತೊಂಬತ್ತೊಂಬತ್ತು ವರ್ಷಗಳ ನಂತರ, 1861ರಲ್ಲಿ ಎಂಬ ವಾಸಿಲಿ ಕ್ಲ್ಯುಚೆವ್ಸ್ಕಿಯ ವ್ಯಂಗ್ಯ ಪ್ರಸಿದ್ಧವಾಗಿದೆ. ಆ ಘೋಷಣೆ ಕ್ಯಾಥರೀನಳದಲ್ಲ, ನಿಜ. ಆದರೆ ಕೆಲವೇ ತಿಂಗಳಲ್ಲಿ ಪತಿಯನ್ನು ಪದಚ್ಯುತಗೊಳಿಸಿ ಸಿಂಹಾಸನವೇರಿದ ಆಕೆ ಅದನ್ನು ಹಿಂತೆಗೆದುಕೊಳ್ಳಲಿಲ್ಲ. 1785ರ ಸನ್ನದಿನ ಮೂಲಕ ಅದನ್ನು ವಿಸ್ತರಿಸಿ, ಕುಲೀನರಿಗೆ ದೈಹಿಕ ಶಿಕ್ಷೆಯಿಂದ ವಿನಾಯಿತಿ, ಸಮಾನಸ್ಕಂಧರಿಂದಲೇ ವಿಚಾರಣೆ, ಆಸ್ತಿಯ ಮೇಲೆ ಪೂರ್ಣ ಹಕ್ಕು ಇವುಗಳನ್ನು ದಯಪಾಲಿಸಿದಳು. ಆ ಆಸ್ತಿಯಲ್ಲಿ ರೈತನೂ ಸೇರಿದ್ದನು.

ಈ ದೃಷ್ಟಿಯಿಂದ 1767ರ ಬೇಸಿಗೆಯನ್ನು ವಿಶೇಷವಾಗಿ ಪರಿಶೀಲಿಸಬೇಕು. ಹೊಸ ಕಾನೂನು ಸಂಹಿತೆಯ ರಚನೆಗಾಗಿ ಐನೂರಕ್ಕೂ ಹೆಚ್ಚು ಪ್ರತಿನಿಧಿಗಳ ಆಯೋಗ ಜುಲೈ 30ರಂದು ಮಾಸ್ಕೋದಲ್ಲಿ ಸಮಾವೇಶಗೊಂಡಿತು. ಅದಕ್ಕೆ ಮಾರ್ಗದರ್ಶಿಯಾಗಿ ಸಾಮ್ರಾಜ್ಞಿಯೇ ಮಾಂಟೆಸ್ಕ್ಯೂ ಮತ್ತು ಬೆಕ್ಕಾರಿಯಾರನ್ನು ಆಧರಿಸಿ ‘ನಕಾಜ್’ ಎಂಬ ನಿರ್ದೇಶನ ಗ್ರಂಥವನ್ನು ರಚಿಸಿದ್ದಳು. ಸರ್ಕಾರಿ ಭೂಮಿಯ ರೈತರಿಗೆ ಆಯೋಗದಲ್ಲಿ ಸ್ಥಾನವಿತ್ತು. ಒಡೆಯರ ರೈತರಿಗೆ ಇರಲಿಲ್ಲ. ಆಯೋಗ ಸೇರಿ ಒಂದು ತಿಂಗಳೂ ತುಂಬುವ ಮೊದಲು, ಆಗಸ್ಟ್ 22ರಂದು, ಒಡೆಯನ ವಿರುದ್ಧ ರೈತನು ಅಹವಾಲು ಸಲ್ಲಿಸುವುದನ್ನು ನಿಷೇಧಿಸಿ, ತಪ್ಪಿದವನಿಗೆ ಚಾವಟಿಯೇಟು ಹಾಗೂ ನೆರ್ಚಿನ್ಸ್ಕ್ ಗಣಿಗಳಿಗೆ ಗಡೀಪಾರು ವಿಧಿಸುವ ಆಜ್ಞೆ ಹೊರಟಿತು. ಈ ನಿಷೇಧಕ್ಕೆ ಹಿಂದಿನ ಕಾನೂನುಗಳಲ್ಲಿಯೂ ಬೇರುಗಳಿದ್ದವೆಂಬುದು ನಿಜ. ಆದರೆ ಕಾನೂನಿನ ಮುಂದೆ ಸಮಾನತೆಯ ಮಾತನ್ನಾಡಿದ ಲೇಖನಿಯ ಆಳ್ವಿಕೆಯಲ್ಲೇ ಅದು ಇಷ್ಟು ಕಟುವಾಗಿ ಪುನರುಚ್ಚರಿತವಾದುದನ್ನು ಬರಿಯ ಆಕಸ್ಮಿಕವೆಂದು ಬದಿಗಿಡುವಂತಿಲ್ಲ.

ಮನುಷ್ಯರ ಮಾರಾಟವನ್ನು ಕುರಿತ ಇಬ್ಬರ ಆಜ್ಞೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ಕುಟುಂಬದಿಂದ ಬೇರ್ಪಡಿಸಿ ಜನರನ್ನು ದನಗಳಂತೆ ಮಾರುವುದನ್ನು ನಿಲ್ಲಿಸಬೇಕೆಂದೂ, ಅದು ಸಾಧ್ಯವಾಗದಿದ್ದರೆ ಇಡೀ ಕುಟುಂಬವನ್ನಾದರೂ ಒಟ್ಟಿಗೆ ಮಾರಬೇಕೆಂದೂ ಪೀಟರನು 1721ರಲ್ಲಿ ಸೆನೆಟ್ಟಿಗೆ ಸೂಚಿಸಿದನು. ‘ಸಾಧ್ಯವಾಗದಿದ್ದರೆ’ ಎಂಬ ಷರತ್ತೇ ಆ ಸೂಚನೆಯನ್ನು ನಿಷ್ಫಲಗೊಳಿಸಿತು. ಕ್ಯಾಥರೀನಳ ಸರ್ಕಾರ 1771ರಲ್ಲಿ, ಒಡೆಯನ ಸಾಲಕ್ಕಾಗಿ ನೆಲವಿಲ್ಲದೆ ರೈತರನ್ನು ಮಾತ್ರ ಹರಾಜು ಹಾಕುವುದನ್ನು ತಡೆಯಿತು. 1792ರಲ್ಲಿ, ಹರಾಜಿನ ಸುತ್ತಿಗೆಯನ್ನು ಬಳಸದಿದ್ದರೆ ಮಾರಬಹುದೆಂದು ಸ್ಪಷ್ಟಪಡಿಸಿತು. ಸುತ್ತಿಗೆಯ ಸದ್ದಷ್ಟೇ ಅಡಗಿತು.

ಆರ್ಥಿಕ ಸಂಗತಿಗಳೂ ಇದನ್ನೇ ಸೂಚಿಸುತ್ತವೆ. 1725ರಲ್ಲಿ 70 ಕೊಪೆಕ್‌ಗೆ ನಿಗದಿಯಾದ ತಲೆಗಂದಾಯ ಒಡೆಯರ ರೈತರಿಗೆ 1794ರವರೆಗೂ ಏರಲಿಲ್ಲ. ಆದರೆ ಒಡೆಯನಿಗೆ ಕೊಡುವ ‘ಒಬ್ರೋಕ್’ ಎಂಬ ಹಣದ ಪಾವತಿ 1760ರ ದಶಕದ ಒಂದೆರಡು ರೂಬಲ್‌ಗಳಿಂದ 1790ರ ದಶಕದ ವೇಳೆಗೆ ಐದರ ಆಸುಪಾಸಿಗೆ ಏರಿತು. 1769ರಿಂದ ಚಲಾವಣೆಗೆ ಬಂದ ಕಾಗದದ ಹಣದ ಅಪಮೌಲ್ಯವೂ ಇದಕ್ಕೆ ಭಾಗಶಃ ಕಾರಣ. ಆದರೂ ರಾಜ್ಯ ತಾನು ಹಿಂಡದೆ ಬಿಟ್ಟುದನ್ನು ಒಡೆಯನು ಹಿಂಡಿಕೊಳ್ಳಲು ಅವಕಾಶವಾಯಿತೆಂಬುದು ನಿರ್ವಿವಾದ. 1773ರಲ್ಲಿ ದಂಗೆಯೆದ್ದ ಕೊಸಾಕ್ ಯೆಮೆಲ್ಯಾನ್ ಪುಗಚೋವನು ತಾನೇ ಮೂರನೆಯ ಪೀಟರನೆಂದು ಸಾರಿಕೊಂಡುದರ ಔಚಿತ್ಯ ಇಲ್ಲಿದೆ: ಕುಲೀನರನ್ನು ಬಿಡುಗಡೆ ಮಾಡಿದ ದೊರೆ ರೈತರನ್ನೂ ಬಿಡುಗಡೆ ಮಾಡಲಿದ್ದನೆಂದು ಹಳ್ಳಿಗಳು ನಂಬಿದ್ದವು.

ಕ್ಯಾಥರೀನಳ ಸಾಧನೆಗಳನ್ನು ಕಡೆಗಣಿಸಿ ಈ ಹೋಲಿಕೆ ನಡೆಯಲಾರದು. 1764ರ ಸ್ಮೋಲ್ನಿ ಸಂಸ್ಥೆಯಿಂದ ಹೆಣ್ಣುಮಕ್ಕಳ ಶಿಕ್ಷಣಕ್ಕೆ ರಾಜ್ಯದ ಆಶ್ರಯ ದೊರೆಯಿತು. 1768ರಲ್ಲಿ ಆಕೆ ಸ್ವತಃ ಸಿಡುಬಿನ ಚುಚ್ಚುಮದ್ದು ಹಾಕಿಸಿಕೊಂಡು ಮಾದರಿಯಾದಳು. ಪೀಟರನ ಕಾಲದಲ್ಲಿ ಆಜೀವವಾಗಿದ್ದ ಸೈನಿಕ ಸೇವೆ 1793ರಲ್ಲಿ 25 ವರ್ಷಗಳಿಗೆ ಇಳಿಯಿತು. ತನ್ನ ಮಗ ಅಲೆಕ್ಸಿಯನ್ನೇ ಚಿತ್ರಹಿಂಸೆಗೆ ಗುರಿಪಡಿಸಿದ ಪೀಟರನ ಎದುರು ಆಕೆಯ ಸೌಮ್ಯತೆ ಎದ್ದು ಕಾಣುವುದೂ ಸಹಜವೇ. ಆದರೆ ವ್ಯತ್ಯಾಸವನ್ನು ಸ್ವಭಾವದಲ್ಲಿ ಹುಡುಕುವುದಕ್ಕಿಂತ ಅಧಿಕಾರದ ಆಧಾರದಲ್ಲಿ ಹುಡುಕುವುದು ಸೂಕ್ತ. ಪೀಟರನು ಹುಟ್ಟಿನಿಂದ ದೊರೆ, ಕುಲೀನರನ್ನು ದಂಡಿಸಬಲ್ಲವನಾಗಿದ್ದನು. ಜರ್ಮನ್ ಮೂಲದ, ಕಾವಲುಪಡೆಯ ಕುಲೀನ ಅಧಿಕಾರಿಗಳ ನೆರವಿನಿಂದ ಪಟ್ಟವೇರಿದ ಕ್ಯಾಥರೀನಳಿಗೆ ಅವರನ್ನು ಸಂತುಷ್ಟಗೊಳಿಸದೆ ಉಳಿಗಾಲವಿರಲಿಲ್ಲ. ಆಕೆಯ ಔದಾರ್ಯದ ವೆಚ್ಚವನ್ನು ಭರಿಸಿದವನು ರೈತ.

1782ರಲ್ಲಿ ಪೀಟರ್ಸ್‌ಬರ್ಗ್‌ನ ನೆವಾ ತೀರದಲ್ಲಿ ಶಿಲ್ಪಿ ಫಾಲ್ಕೊನೆ ರೂಪಿಸಿದ ಪೀಟರನ ಅಶ್ವಾರೂಢ ಪ್ರತಿಮೆ ಅನಾವರಣಗೊಂಡಾಗ, ಬಂಡೆಯ ಮೇಲೆ ಲ್ಯಾಟಿನ್ ಮತ್ತು ರಷ್ಯನ್ ಭಾಷೆಗಳಲ್ಲಿ ಮೊದಲನೆಯ ಪೀಟರನಿಗೆ ಎರಡನೆಯ ಕ್ಯಾಥರೀನಳ ಅರ್ಪಣೆ ಎಂಬರ್ಥದ ಶಾಸನ ಕೆತ್ತಲ್ಪಟ್ಟಿತ್ತು. ಆ ಸಮಾರಂಭವನ್ನು ಕುರಿತು ಅಲೆಕ್ಸಾಂಡರ್ ರಾದಿಶ್ಚೆವ್ ಪತ್ರರೂಪದ ಲೇಖನವೊಂದನ್ನು ಬರೆದು 1790ರಲ್ಲಿ ತನ್ನ ಮನೆಯ ಮುದ್ರಣಯಂತ್ರದಲ್ಲಿ ಅಚ್ಚು ಹಾಕಿಸಿದನು. ಪೀಟರನ ಹಿರಿಮೆಯನ್ನು ಒಪ್ಪುತ್ತಲೇ, ವ್ಯಕ್ತಿಯ ಸ್ವಾತಂತ್ರ್ಯವನ್ನು ಸ್ಥಾಪಿಸಿದ್ದರೆ ಅವನು ಇನ್ನೂ ಹಿರಿಯನಾಗುತ್ತಿದ್ದನೆಂದು ಅಲ್ಲಿ ಹೇಳಲಾಗಿದೆ. ಅದೇ ವರ್ಷ ಅದೇ ಯಂತ್ರದಿಂದ ಹೊರಬಂದ, ರೈತರ ಬಂಧನವನ್ನು ಖಂಡಿಸುವ ಆತನ ಪ್ರವಾಸಕೃತಿಯನ್ನು ಸಾಮ್ರಾಜ್ಞಿ ಟಿಪ್ಪಣಿ ಮಾಡುತ್ತ ಓದಿದಳು. ಪುಗಚೋವನಿಗಿಂತಲೂ ಈತ ಕೆಟ್ಟ ಬಂಡುಕೋರನೆಂಬುದು ಆಕೆಯ ತೀರ್ಪು. ರಾಜಧಾನಿಯ ಸುಂಕದ ಕಟ್ಟೆಯ ಮುಖ್ಯಾಧಿಕಾರಿಯಾಗಿದ್ದ ರಾದಿಶ್ಚೆವನಿಗೆ ಮರಣದಂಡನೆ ವಿಧಿಸಲಾಯಿತು. ಬಳಿಕ ಅದನ್ನು ಹತ್ತು ವರ್ಷಗಳ ಗಡೀಪಾರಿಗೆ ಇಳಿಸಿ, ಪೀಟರನ ಪಟ್ಟಿಯಲ್ಲಿ ಗಳಿಸಿದ್ದ ಶ್ರೇಣಿಯನ್ನೂ ಐದು ವರ್ಷಗಳ ಹಿಂದಷ್ಟೇ ಸನ್ನದು ಭದ್ರಪಡಿಸಿದ್ದ ಕುಲೀನ ಪದವಿಯನ್ನೂ ಕಿತ್ತುಕೊಂಡು ಸೈಬೀರಿಯಾದ ಇಲಿಮ್ಸ್ಕ್‌ಗೆ ಕಳುಹಿಸಲಾಯಿತು.