ಸಿಕ್ಕೊಡನೆ ನಿಲ್ಲುವ ಜಾಣತನ

ಜಾವಾಸ್ಕ್ರಿಪ್ಟ್ ಬರೆಯುವವರಿಗೆ ಫಿಲ್ಟರ್ ಮೇಲೆ ಅದೇನೋ ಮೋಹ. ಅರೇಯಿಂದ ಒಂದೇ ಒಂದು ಆರ್ಡರ್ ಬೇಕಿದ್ದರೂ ಫಿಲ್ಟರ್ ಓಡಿಸಿ, ಹೊಸ ಅರೇ ಕಟ್ಟಿಸಿ, ಅದರ ಮೊದಲ ಅಂಶವನ್ನು ಎತ್ತಿಕೊಳ್ಳುತ್ತಾರೆ. ಉತ್ತರವೇನೋ ಸರಿಯೇ. ಆದರೆ ಬೇಕಾದದ್ದು ಮೊದಲಲ್ಲೇ ಸಿಕ್ಕರೂ ಫಿಲ್ಟರ್ ಕೊನೆಯವರೆಗೆ ನಡೆದೇ ತೀರುತ್ತದೆ. ಫೈಂಡ್ ಹಾಗಲ್ಲ, ಸಿಕ್ಕಿತೋ, ಅಲ್ಲಿಗೆ ನಿಂತಿತು. ಇದೆಯೋ ಇಲ್ಲವೋ ಎಂದಷ್ಟೇ ತಿಳಿಯಬೇಕಾದರೆ ಸಮ್ ಇದೆ, ಅದೂ ಅಷ್ಟೇ ಚುರುಕು.

ನನ್ನ ಮೆಚ್ಚುಗೆ ಹೆಚ್ಚು ಸಲ್ಲುವುದು ಇನ್‌ಕ್ಲೂಡ್ಸ್‌ಗೆ. 2009ರ ಇಎಸ್5 ಆವೃತ್ತಿಯ ಇಂಡೆಕ್ಸ್‌ಆಫ್ ಮೂರು ಸಮಚಿಹ್ನೆಗಳ ಕಟ್ಟುನಿಟ್ಟಿನ ಹೋಲಿಕೆಯನ್ನೇ ನೆಚ್ಚಿಕೊಂಡದ್ದು. ನ್ಯಾನ್ ಎಂಬ ವಿಚಿತ್ರ ಮೌಲ್ಯ ತನಗೆ ತಾನೇ ಸಮನಲ್ಲವಾದ್ದರಿಂದ, ಅರೇಯಲ್ಲಿ ಕಣ್ಣೆದುರಿಗೇ ಇದ್ದರೂ ಇಂಡೆಕ್ಸ್‌ಆಫ್ ಮೈನಸ್ ಒಂದನ್ನು ಕೊಟ್ಟು ಕೈತೊಳೆದುಕೊಳ್ಳುತ್ತದೆ. 2016ರಲ್ಲಿ ಬಂದ ಇನ್‌ಕ್ಲೂಡ್ಸ್ ಅದನ್ನು ಹಿಡಿಯುತ್ತದೆ. ಉತ್ತರವೂ ನೇರ, ಟ್ರೂ ಅಥವಾ ಫಾಲ್ಸ್. ಮೈನಸ್ ಒಂದರ ಲೆಕ್ಕಾಚಾರದಿಂದ ಓದುವವರಿಗೆ ಬಿಡುಗಡೆ. ಹಾಗೆಂದು ಆಬ್ಜೆಕ್ಟುಗಳನ್ನು ಇದರ ಕೈಗೆ ಕೊಡಬಾರದು. ಒಳಗಿನ ವಿವರಗಳೆಲ್ಲ ಒಂದೇ ಇದ್ದರೂ ಬೇರೆಯಾಗಿ ಸೃಷ್ಟಿಸಿದ ಆಬ್ಜೆಕ್ಟ್ ಅದಕ್ಕೆ ಅಪರಿಚಿತವೇ. ಅಲ್ಲಿ ಷರತ್ತು ಬರೆದು ಫೈಂಡ್ ಅಥವಾ ಸಮ್ ಕರೆಯುವುದೇ ಸರಿ.

ಕೊನೆಯಿಂದ ಹುಡುಕುವ ಫೈಂಡ್‌ಲಾಸ್ಟ್ ಭಾಷೆಯ ನಿಯಮಾವಳಿಗೆ ಸೇರಿದ್ದು 2023ರಲ್ಲಿ. ಅಲ್ಲಿಯವರೆಗೆ ಎಷ್ಟೋ ಜನ ರಿವರ್ಸ್ ಮಾಡಿ ಹುಡುಕುತ್ತಿದ್ದರು, ಅದು ಮೂಲ ಅರೇಯನ್ನೇ ತಲೆಕೆಳಗು ಮಾಡುತ್ತದೆಂಬುದನ್ನು ಮರೆತು.