ಓಟದ ರಸವೂ ಗಡಿಯಾರದ ಮುಳ್ಳೂ

ಚಲನೆಯೆಂಬುದು ಕಾವ್ಯಕ್ಕೆ ಹೊಸ ವಸ್ತುವಲ್ಲ. ಕಾಳಿದಾಸನು ಶಾಕುಂತಲದ ಮೊದಲನೆಯ ಅಂಕದಲ್ಲಿಯೇ, ರಥದ ಮುಂದೆ ಪ್ರಾಣಭಯದಿಂದ ಓಡುವ ಜಿಂಕೆಯನ್ನು ನಮ್ಮ ಕಣ್ಣಿಗೆ ಕಟ್ಟುವಂತೆ ವರ್ಣಿಸಿರುವನು. ಅಭಿನವಗುಪ್ತಾಚಾರ್ಯರು ರಸಸೂತ್ರವನ್ನು ವ್ಯಾಖ್ಯಾನಿಸುವಾಗ ಈ ಪದ್ಯವನ್ನೇ ಉದಾಹರಣೆಗೆ ತೆಗೆದುಕೊಂಡಿರುವುದು ವಿದ್ವಾಂಸರಿಗೆ ತಿಳಿದ ವಿಷಯ. ಸಹೃದಯನಿಗೆ ಆ ಜಿಂಕೆ ಇಂತಹ ಕಾಡಿನದು, ಇಂತಹ ದಿನದ್ದು ಎಂಬ ವಿಶೇಷಗಳೆಲ್ಲ ಕಳಚಿಹೋಗಿ, ಭಯವು ತನ್ನದೆಂದಾಗಲಿ ಪರರದೆಂದಾಗಲಿ ತೋರದೆ, ಶುದ್ಧವಾದ ಭಯವೊಂದೇ ಪ್ರತ್ಯಕ್ಷವಾಗುವುದೆಂದು ಆಚಾರ್ಯರ ಅಭಿಪ್ರಾಯ. ಇದಕ್ಕೆ ಸಾಧಾರಣೀಕರಣವೆಂದು ಹೆಸರು.

ಈ ಮಾನದಂಡದಿಂದ ಈ ಕಾಲದ ಒಂದು ನೂತನ ಕಲೆಯನ್ನು ಅಳೆದುನೋಡುವುದು ಪ್ರಕೃತ ಲೇಖನದ ಉದ್ದೇಶ. ಆ ಕಲೆ ಯಾವುದೆಂದರೆ, ಕಥೆಯನ್ನು ಬಿಟ್ಟು ಕ್ರೀಡಾಪಟುವಿನ ಅಂಗಚಲನೆಯನ್ನೇ ವಸ್ತುವಾಗಿ ಉಳ್ಳ ಕಿರುಚಿತ್ರ. ಮಾರೇನಹಳ್ಳಿಯ ನಮ್ಮ ಮನೆಯ ಜಗಲಿಯಲ್ಲಿ ಕುಳಿತು, ಮೊಮ್ಮಗನು ಮೊಬೈಲಿನ ಅಂಗೈಯಗಲದ ಪರದೆಯಲ್ಲಿ ತೋರಿಸಿದ ಕೆಲವು ಚಿತ್ರಗಳನ್ನು ನೋಡಿ ನನಗೆ ತೋರಿದುದನ್ನು ವಾಚಕರ ಮುಂದಿಡುತ್ತೇನೆ.

ಮೊದಲನೆಯದು ಫ್ರಾನ್ಸ್ ದೇಶದ ಜಾನ್ ವಿಗೋ ಎಂಬಾತನು 1931ರಲ್ಲಿ ತೆಗೆದ ಸುಮಾರು ಹತ್ತು ನಿಮಿಷಗಳ ಚಿತ್ರ. ಜಾನ್ ತಾರಿಸ್ ಎಂಬ ಪ್ರಸಿದ್ಧ ಈಜುಗಾರನು ಇದರ ನಾಯಕ. ಈಜುವ ಕ್ರಮವನ್ನು ಕಲಿಸುವ ಪಾಠದಂತೆ ಆರಂಭವಾದ ಈ ಚಿತ್ರವು ಬಹು ಬೇಗ ಪಾಠವನ್ನು ಮರೆಯುವುದು. ಕೊಳದ ಗೋಡೆಯ ಗಾಜಿನ ಕಿಂಡಿಯ ಮೂಲಕ ನೀರಿನೊಳಗಿನಿಂದ ಕಂಡಾಗ, ತಾರಿಸನ ದೇಹವು ಭಾರವನ್ನು ತೊರೆದು, ಗುಳ್ಳೆಗಳ ನಡುವೆ ನಿಧಾನವಾಗಿ ಹೊರಳುವುದು. ಅಲ್ಲಿ ಅವನ ಹೆಸರೂ ಇಲ್ಲ, ಗೆಲುವೂ ಇಲ್ಲ. ನೀರಿನೊಡನೆ ದೇಹವು ಪಡೆದ ಸಖ್ಯವೊಂದೇ ಉಂಟು. ಇನ್ನೊಂದು ಕಡೆ ಚಿತ್ರದ ಸುರುಳಿಯನ್ನು ಹಿಮ್ಮುಖವಾಗಿ ತಿರುಗಿಸಲು, ನೀರಿಗೆ ಹಾರಿದವನು ನೀರಿನಿಂದ ಚಿಮ್ಮಿ ದಡದಲ್ಲಿ ನಿಲ್ಲುವನು.

ಇದು ಸುಳ್ಳಲ್ಲವೇ ಎಂದು ಆಕ್ಷೇಪಿಸುವವರು ಉಂಟು. ಆದರೆ ಭರತಮುನಿಯು ಲೋಕಧರ್ಮಿ, ನಾಟ್ಯಧರ್ಮಿ ಎಂದು ಎರಡು ಬಗೆಯನ್ನು ಹೇಳಿರುವನಷ್ಟೆ. ಲೋಕದಲ್ಲಿ ಇಲ್ಲದ ನಿಧಾನಗತಿಯೂ ಹಿಮ್ಮುಖಗತಿಯೂ ಚಲಚ್ಚಿತ್ರದ ನಾಟ್ಯಧರ್ಮಿ. ನಮ್ಮ ರನ್ನನು ಗದಾಯುದ್ಧದಲ್ಲಿ ಸಿಂಹಾವಲೋಕನ ಕ್ರಮವನ್ನು ಹಿಡಿದು, ಮುಗಿದ ಭಾರತವನ್ನು ಹಿಂದಿರುಗಿ ನೋಡಿದುದನ್ನು ಮೆಚ್ಚಿದವರು ಇದನ್ನು ಸುಳ್ಳೆನ್ನಲಾರರು. ಹಿಂದಿರುಗಿದ ನೋಟಕ್ಕೆ ಮಾತ್ರ ಕಾಣುವ ಅರ್ಥವೊಂದಿದ್ದರೆ ಆ ಕ್ರಮವು ಯುಕ್ತವೇ ಸರಿ. ಕಡೆಯಲ್ಲಿ ತಾರಿಸನು ಕೋಟು ಟೋಪಿಗಳನ್ನು ಧರಿಸಿ ನೀರಿನ ಮೇಲೆ ನಡೆದುಹೋಗುವುದು ಮಾತ್ರ ಅದ್ಭುತವನ್ನು ಹಾಸ್ಯಕ್ಕೆ ಇಳಿಸಿತೆಂದು ನನಗೆ ತೋರಿತು. ಮೊಮ್ಮಗನು ಅದನ್ನೇ ಹೆಚ್ಚು ಮೆಚ್ಚಿದನು. ರುಚಿಭೇದಕ್ಕೆ ಮದ್ದಿಲ್ಲ.

ಎರಡನೆಯದು, 1972ರ ಮ್ಯೂನಿಕ್ ಒಲಿಂಪಿಕ್ ಕ್ರೀಡೆಗಳನ್ನು ಕುರಿತು ಎಂಟು ಮಂದಿ ನಿರ್ದೇಶಕರು ಒಬ್ಬೊಬ್ಬರು ಒಂದೊಂದು ತುಣುಕಾಗಿ ತೆಗೆದು, 1973ರಲ್ಲಿ ಹೊರಬಂದ ಚಿತ್ರಮಾಲಿಕೆ. ಇವರಲ್ಲಿ ಆರ್ಥರ್ ಪೆನ್ ಎಂಬಾತನು ಗಳುವಿನ ನೆರವಿನಿಂದ ಎತ್ತರಕ್ಕೆ ಹಾರುವವರನ್ನು ಮಬ್ಬಾದ ಆಕೃತಿಗಳಿಂದ ಆರಂಭಿಸಿ, ಬಹುಮಟ್ಟಿಗೆ ಮೌನದಲ್ಲಿಯೇ, ಮಂದಗತಿಯಲ್ಲಿ ತೋರಿಸಿರುವನು. ಕ್ಲೋದ್ ಲೆಲೂಷ್ ಎಂಬಾತನು ಸೋತವರನ್ನೇ ಆರಿಸಿಕೊಂಡನು. ವೀರರಸಕ್ಕೆ ಸ್ಥಾಯಿಯು ಉತ್ಸಾಹವೇ ಹೊರತು ಜಯವಲ್ಲ ಎಂಬ ಶಾಸ್ತ್ರವಾಕ್ಯಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಕಾಣೆ. ಆದರೆ ಅದೇ ಕ್ರೀಡಾಕೂಟದಲ್ಲಿ ಇಸ್ರೇಲ್ ತಂಡದ ಹನ್ನೊಂದು ಮಂದಿ ಕೊಲೆಗೀಡಾದರು. ಎಂಟು ಮಂದಿಯಲ್ಲಿ ಈ ದುಃಖವನ್ನು ತನ್ನ ತುಣುಕಿನೊಳಗೆ ತಂದವನು ಮ್ಯಾರಥಾನ್ ಓಟವನ್ನು ಚಿತ್ರಿಸಿದ ಜಾನ್ ಶ್ಲೆಸಿಂಗರ್ ಒಬ್ಬನೇ. ಅಂಗಗಳ ಸೊಗಸನ್ನು ನೋಡುತ್ತ ಮನುಷ್ಯನನ್ನೇ ಮರೆಯುವ ಅಪಾಯವು ಈ ಕಲೆಯ ಬೆನ್ನಿಗೇ ಇರುವುದೆಂಬುದಕ್ಕೆ ಇದು ನಿದರ್ಶನ.

ಇನ್ನು ನಮ್ಮ ನಾಡಿನದು. 2020ನೆಯ ಇಸವಿ ಫೆಬ್ರವರಿ 1ರಂದು ದಕ್ಷಿಣ ಕನ್ನಡದ ಐಕಳದ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು ಕೋಣಗಳೊಡನೆ ಓಡಿದುದನ್ನು ಯಾರೋ ತೆಗೆದ ಕೆಲವೇ ಕ್ಷಣಗಳ ಚಿತ್ರವು ಲೋಕವನ್ನೆಲ್ಲ ಸುತ್ತಿತು. ಇದನ್ನು ತೆಗೆದವರಿಗೆ ಕಲೆಯ ಸಂಕಲ್ಪವಿದ್ದಿರಲಾರದು. ಆದರೂ ನಾನು ಮೊದಲ ಸಲ ನೋಡಿದಾಗ, ಎರಡು ಬದಿಗೂ ಸೀಳಿ ಏಳುವ ಕೆಸರುನೀರು, ಮುಂದಕ್ಕೆ ಚಾಚಿದ ಕೋಣಗಳ ಕೊರಳು, ಅವುಗಳ ವೇಗಕ್ಕೆ ತನ್ನ ವೇಗವನ್ನು ಕಟ್ಟಿಕೊಂಡ ಮನುಷ್ಯ, ಇವೆಲ್ಲ ಒಂದೇ ದೇಹವೆಂಬಂತೆ ಕಂಡು ಮೈ ಜುಮ್ಮೆಂದಿತು. ಕಾಳಿದಾಸನ ಜಿಂಕೆಯ ನೆನಪಾಯಿತು.

ಬಳಿಕ ಅಂಕಿಗಳು ಕಿವಿಗೆ ಬಿದ್ದವು. 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಓಡಿದರಂತೆ. ನೂರು ಮೀಟರಿಗೆ ಲೆಕ್ಕ ಹಾಕಿದರೆ 9.55 ಸೆಕೆಂಡಂತೆ, 2009ರಲ್ಲಿ ಬರ್ಲಿನ್ ನಗರದಲ್ಲಿ ಉಸೇನ್ ಬೋಲ್ಟನ ದಾಖಲೆಯು 9.58 ಅಂತೆ. ಹಾಗಾದರೆ ಯಾರು ಹೆಚ್ಚು? ಕೋಣಗಳು ಸೆಳೆಯುವ ಓಟಕ್ಕೂ ಒಂಟಿಯಾಗಿ ಓಡುವ ಓಟಕ್ಕೂ ಹೋಲಿಕೆಯೇ ಸಲ್ಲದೆಂಬುದು ಯೋಚಿಸಿದವರಿಗೆಲ್ಲ ತಿಳಿಯುವ ಮಾತು. ಗೌಡರು ತಾವೇ ಈ ಹೋಲಿಕೆಯನ್ನು ಒಪ್ಪಲಿಲ್ಲ. ಭಾರತೀಯ ಕ್ರೀಡಾ ಪ್ರಾಧಿಕಾರವು ಓಟದ ಪರೀಕ್ಷೆಗೆ ಕರೆದಾಗಲೂ ಹೋಗಲಿಲ್ಲ. ಅವರ ವಿವೇಕವು ನಮಗಿರಲಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಅದೇ ಚಿತ್ರವನ್ನು ಎರಡನೆಯ ಸಲ ನೋಡುವಾಗ ನನ್ನ ಕಣ್ಣು ಕೋಣವನ್ನೂ ಕಾಣಲಿಲ್ಲ, ನೀರನ್ನೂ ಕಾಣಲಿಲ್ಲ. ಮನಸ್ಸಿನಲ್ಲಿ ಸೆಕೆಂಡುಗಳನ್ನು ಎಣಿಸುತ್ತಿದ್ದೆನು. ಚಿತ್ರ ಅದೇ, ನೋಡುವವನು ಕೆಟ್ಟನು. ರಸಭಂಗವು ಕೃತಿಯಲ್ಲಿ ಮಾತ್ರ ಸಂಭವಿಸುವುದೆಂದು ತಿಳಿದಿದ್ದ ನನಗೆ ಇದೊಂದು ಪಾಠವಾಯಿತು.

ಇಲ್ಲಿ ಒಂದು ತಪ್ಪೊಪ್ಪಿಗೆಯನ್ನು ಮಾಡಿಕೊಳ್ಳಬೇಕಾಗಿದೆ. ನಾನು ಉಪಾಧ್ಯಾಯನಾಗಿದ್ದ ಶಾಲೆಯ ಕ್ರೀಡಾದಿನಗಳಲ್ಲಿ ಗಡಿಯಾರ ಹಿಡಿಯುವ ಕೆಲಸವು ವರ್ಷವರ್ಷವೂ ನನ್ನ ಪಾಲಿಗೆ ಬರುತ್ತಿದ್ದಿತು. ಮೊದಲ ಮೂವರ ಹೆಸರನ್ನು ಬರೆದುಕೊಂಡು ತಲೆ ತಗ್ಗಿಸುತ್ತಿದ್ದೆನು. ಒಮ್ಮೆ ದೀರ್ಘದ ಓಟದಲ್ಲಿ, ಎಲ್ಲರೂ ಮುಗಿಸಿದ ಮೇಲೆ, ಬರಿಗಾಲಿನ ಹುಡುಗನೊಬ್ಬನು ಒಂಟಿಯಾಗಿ ಓಡುತ್ತ ಬಂದು ಗೆರೆಯನ್ನು ದಾಟಿ, 'ಮೇಷ್ಟ್ರೇ, ನನ್ನದೆಷ್ಟು?' ಎಂದು ಕೇಳಿದನು. ನಾನು ಗಡಿಯಾರವನ್ನು ಆಗಲೇ ನಿಲ್ಲಿಸಿದ್ದೆನು. ಅವನ ಓಟವನ್ನಾದರೂ ನೋಡಿದ್ದೆನೆ ಎಂದರೆ ಅದೂ ಇಲ್ಲ. ಲೆಲೂಷನ ಸೋತವರನ್ನು ನೋಡುವಾಗ ನನಗೆ ಕಣ್ಣೀರು ಬಂದುದರ ಕಾರಣವು ಕೇವಲ ಕಲೆಯಲ್ಲ.

2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ನಡೆದು, ನಮ್ಮ ಊರಿನವರಿಗೂ ಅದರ ಪರಿಚಯವಾಯಿತು. ನಮ್ಮ ತರುಣರಲ್ಲಿ ಯಾರಾದರೂ ಇಂತಹ ಕಿರುಚಿತ್ರವನ್ನು ತೆಗೆಯಲು ಹೊರಟರೆ ನನ್ನದೊಂದು ಸೂಚನೆಯಿದೆ. ಕಂಬಳದಲ್ಲಿ ನೇಗಿಲು, ಹಗ್ಗ, ಅಡ್ಡಹಲಗೆಗಳಲ್ಲದೆ ಕನೆಹಲಗೆಯೆಂಬ ವಿಭಾಗವೂ ಉಂಟು. ಅದರಲ್ಲಿ ಓಡಿಸುವವನು ಹಲಗೆಯ ಮೇಲೆ ನಿಲ್ಲುವನು. ಹಲಗೆಯ ತೂತುಗಳಿಂದ ನೀರು ಎಷ್ಟು ಎತ್ತರಕ್ಕೆ ಚಿಮ್ಮಿ ಮೇಲೆ ಕಟ್ಟಿದ ನಿಶಾನೆಯನ್ನು ಮುಟ್ಟಿತೆಂಬುದೇ ಅಲ್ಲಿಯ ಗೆಲುವು. ಗಡಿಯಾರಕ್ಕೆ ಅಲ್ಲಿ ಕೆಲಸವಿಲ್ಲ. ಚಿತ್ರಗ್ರಾಹಕನು ಆರಂಭಿಸತಕ್ಕದ್ದು ಅಲ್ಲಿಂದ. ಊರಿನ ಗರಡಿಗಳೂ ಇವೆ; ಮಟ್ಟಿಯ ಮಣ್ಣನ್ನು ಮೈಗೆ ಹಚ್ಚಿಕೊಂಡು, ಎದುರಾಳಿಗೆ ಕೈ ಕೊಟ್ಟು, ಪಟ್ಟು ಹಿಡಿಯುವ ಮೊದಲಿನ ಆ ಒಂದು ಕ್ಷಣದ ಮೌನವನ್ನು ಯಾರಾದರೂ ತೆಗೆದು ತೋರಿಸಲಿ.

ಹಾಗೆ ತೆಗೆದವರಲ್ಲಿ ನನ್ನ ಕೋರಿಕೆಯೊಂದೇ: ಚಿತ್ರದ ಮೂಲೆಯಲ್ಲಿ ಅಂಕಿಗಳನ್ನು ಬರೆಯದಿರಲಿ, ಕಡೆಯವನು ಗೆರೆಯನ್ನು ಮುಟ್ಟುವವರೆಗೆ ಯಂತ್ರವನ್ನು ನಿಲ್ಲಿಸದಿರಲಿ.