ಪಹಣಿಯಲ್ಲಿ ಹೆಸರಿಲ್ಲದವರ ಶರಾವತಿ

ಶರಾವತಿ ಕಣಿವೆಯ ಮುಳುಗಡೆಯನ್ನು ಕನ್ನಡ ಸಾಹಿತ್ಯ ಮರೆತಿಲ್ಲ. ಶರಾವತಿ ಯೋಜನೆಯಲ್ಲೇ ನೌಕರಿ ಮಾಡಿದ್ದ ನಾ. ಡಿಸೋಜ ‘ಮುಳುಗಡೆ’, ‘ದ್ವೀಪ’ ಬರೆದರು. ಗಿರೀಶ ಕಾಸರವಳ್ಳಿ 2002ರಲ್ಲಿ ‘ದ್ವೀಪ’ವನ್ನು ತೆರೆಗೆ ತಂದರು. ಗಜಾನನ ಶರ್ಮರ ‘ಪುನರ್ವಸು’ ಭಾರಂಗಿ ಸೀಮೆಯ ಬದುಕನ್ನು ಕಾದಂಬರಿಗೆ ತಂದಿತು. ಇವಿಲ್ಲದಿದ್ದರೆ ಕಣಿವೆಯನ್ನು ಮುಳುಗಿಸಿದ ಲಿಂಗನಮಕ್ಕಿ ಅಣೆಕಟ್ಟು ನಮಗೆ ಬರೀ ಅಡಿ, ಮೆಗಾವ್ಯಾಟುಗಳ ಲೆಕ್ಕವಾಗಿ ಉಳಿಯುತ್ತಿತ್ತು. ಆದರೂ ಕಾದಂಬರಿ ಒಂದು ಮನೆಯನ್ನು ಆರಿಸಿಕೊಂಡು ಅದರೊಳಗೆ ಇಳಿಯುತ್ತದೆ. ಇಡೀ ಊರಿನ ಸಾಕ್ಷ್ಯವನ್ನು ಕಾಪಿಡುವುದು ಅದರ ಹೊಣೆಯಲ್ಲ. ಆ ಹೊಣೆಯನ್ನು ಈಗ ಅಲ್ಲಲ್ಲಿ ಕೆಲವರು ಹೊರುತ್ತಿದ್ದಾರೆ. ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡುತ್ತಾರೆ, ಪಟಗಳನ್ನು ಕಲೆಹಾಕುತ್ತಾರೆ, ಹಿರಿಯರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಾರೆ. ಮೆಚ್ಚಬೇಕಾದ ಕೆಲಸ. ಆದರೆ ಹೀಗೆ ಉಳಿಯುತ್ತಿರುವುದು ಯಾರ ಊರು?

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆದದ್ದು 1951ರಲ್ಲಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಉಳುವವನನ್ನೇ ಒಡೆಯನನ್ನಾಗಿಸಿದ ಭೂಸುಧಾರಣೆ ಬಂದದ್ದು 1974ರಲ್ಲಿ. ಈ ಮೂರು ಇಸವಿಗಳನ್ನು ಜೊತೆಗಿಟ್ಟು ನೋಡಿದರೆ ಮುಳುಗಡೆಯ ಚರಿತ್ರೆಯ ನಡುಮನೆಯೇ ತೆರೆದುಕೊಳ್ಳುತ್ತದೆ. ಹಕ್ಕಿಗಾಗಿ ಹೋರಾಡಿದ ಒಕ್ಕಲಿನ ಕೈಗೆ ಹಕ್ಕು ಬರುವ ಮೊದಲೇ ಗದ್ದೆ ನೀರಿನಡಿ ಹೋಗಿತ್ತು. ದಾಖಲೆಯಲ್ಲಿ ಭೂಮಿ ಒಡೆಯರದ್ದು. ಹಾಗಾಗಿ ನೋಟಿಸು, ಪರಿಹಾರದ ರಸೀದಿ, ಅರ್ಜಿಯ ನಕಲುಗಳೆಲ್ಲ ಒಡೆಯರ ಪೆಟ್ಟಿಗೆಯಲ್ಲೇ ಹೆಚ್ಚು. ಕಾಗದವನ್ನಷ್ಟೇ ನಂಬಿ ಊರು ಕಟ್ಟಹೊರಟರೆ ಒಕ್ಕಲು, ಆಳುಗಳಾಗಿದ್ದ ದೀವರ, ಹಸಲರ ಕೇರಿಗಳು ಎರಡನೆಯ ಸಲ ಮುಳುಗುತ್ತವೆ.

ಪಟಗಳ ವಿಷಯವೂ ಅಷ್ಟೆ. ನಾನು ನೋಡಿದ ಒಂದು ಪಟದಲ್ಲಿ ಜಗಲಿಯ ಮುಂದೆ ಕುರ್ಚಿ ಹಾಕಿ ಹಿರಿಯರನ್ನು ಕೂರಿಸಿದ್ದಾರೆ, ಹಿಂದೆ ಹೆಂಗಸರು, ಕೆಳಗೆ ಮಕ್ಕಳು. ಎಡದಂಚಿನಲ್ಲಿ ಹೆಗಲ ಮೇಲೆ ಕಂಬಳಿ ಹೊದ್ದ ಒಬ್ಬ ಆಳು. ಅವನ ಅರ್ಧ ಮೈ ಚೌಕಟ್ಟಿನಾಚೆ ಹೋಗಿದೆ. ಮನೆಯವರು ಕೂತವರ ಹೆಸರನ್ನೆಲ್ಲ ಪಟಪಟನೆ ಹೇಳಿದರು, ಮಕ್ಕಳಲ್ಲಿ ಯಾರು ಯಾರನ್ನು ಮದುವೆಯಾದರೆಂಬುದನ್ನೂ ಹೇಳಿದರು. ಅಂಚಿನವನು ಮಾತ್ರ ‘ನಮ್ಮಲ್ಲಿ ಕೆಲಸಕ್ಕಿದ್ದವ’. ಅದೇ ಪಟವನ್ನು ಬೇರೆ ಊರಿನಲ್ಲಿ ನೆಲೆನಿಂತ ಒಕ್ಕಲು ಮನೆಯೊಂದಕ್ಕೆ ಒಯ್ದಾಗ ಅಲ್ಲಿನ ಅಜ್ಜಿ ಮೊದಲು ಬೆರಳಿಟ್ಟದ್ದೇ ಅವನ ಮೇಲೆ. ಹೆಸರು ಹೇಳಿದಳು, ಅವನು ಹಾಕುತ್ತಿದ್ದ ಬೇಲಿಯ ಕಥೆ ಹೇಳಿದಳು, ಕುರ್ಚಿಯಲ್ಲಿ ಕೂತವರ ಬಗ್ಗೆ ಅವರ ಮನೆಯಲ್ಲಿ ಯಾರೂ ಹೇಳದ ಒಂದೆರಡು ಸಂಗತಿಗಳನ್ನೂ ಹೇಳಿದಳು. ಸಂಗ್ರಹಕಾರರು ಪಟವನ್ನು ಒಂದೇ ಮನೆಯಲ್ಲಿ ಕೇಳಿ ಅಡಿಬರಹ ಹಾಕಿಬಿಡುವುದು ನನಗೆ ಸರಿಕಾಣದಿರುವುದು ಇದಕ್ಕೇ.

ಪತ್ರಗಳು ಬೇರೆಯದೇ ಸಂಪತ್ತು. ಊರು ಬಿಟ್ಟವರು ಉಳಿದವರಿಗೆ ಬರೆದ ಕಾರ್ಡುಗಳು ‘ಉಭಯ ಕುಶಲೋಪರಿ’ಯಿಂದ ಶುರುವಾಗಿ ನೇರ ಅಡಿಕೆಯ ಧಾರಣೆಗೆ, ಹೊಸ ಬಾವಿಯ ನೀರಿನ ರುಚಿಗೆ, ಹಸು ಕರು ಹಾಕಿದ ಸುದ್ದಿಗೆ ಇಳಿಯುತ್ತವೆ. ದುಃಖ ಅಲ್ಲಿ ದುಃಖದ ಹೆಸರಿನಲ್ಲಿ ಬರುವುದಿಲ್ಲ. ಅದನ್ನು ಹುಡುಕಿ, ಕರುಣಾಜನಕ ಸಾಲೊಂದನ್ನು ಮಾತ್ರ ಕತ್ತರಿಸಿ ಪ್ರದರ್ಶನಕ್ಕಿಡುವುದು ಪತ್ರಕ್ಕೆ ಮಾಡುವ ಅನ್ಯಾಯ. ಧಾರಣೆಯ ಸಾಲೂ ಇರಲಿ.

ಮೌಖಿಕ ಚರಿತ್ರೆಯಲ್ಲಿ ನನಗೆ ಹೆಚ್ಚಿನ ಭರವಸೆಯಿದೆ, ಹೆಚ್ಚಿನ ತಕರಾರೂ ಇದೆ. ‘ಊರು ಮುಳುಗುವಾಗ ಏನನ್ನಿಸಿತು?’ ಎಂದು ಕೇಳಿದರೆ ಎಲ್ಲರೂ ಹೆಚ್ಚುಕಡಿಮೆ ಒಂದೇ ಉತ್ತರ ಕೊಡುತ್ತಾರೆ, ಹಿಂದೆ ಬಂದವರಿಗೂ ಅದನ್ನೇ ಕೊಟ್ಟಿರುತ್ತಾರೆ. ‘ನಿಮ್ಮ ಮನೆಯಿಂದ ಹೊಳೆಗೆ ಹೋಗುವ ದಾರಿ ಹೇಳಿ’ ಎನ್ನಿ. ಗದ್ದೆಯ ಹೆಸರು, ದಣಪೆ, ಭೂತನ ಕಲ್ಲು, ಮಳೆಗಾಲದಲ್ಲಿ ದಾಟಲಾಗದ ಸಂಕ ಒಂದೊಂದಾಗಿ ಬರುತ್ತವೆ. ಯಾರ ಅಂಗಳ ಬಳಸಿ ಹೋಗಬೇಕಿತ್ತು, ಯಾರದನ್ನು ಹಾಯಬಹುದಿತ್ತು ಎಂಬುದೂ ಬರುತ್ತದೆ. ಬರೆದಿಳಿಸುವಾಗ ಆ ಮಾತನ್ನು ಪಠ್ಯಪುಸ್ತಕದ ಕನ್ನಡಕ್ಕೆ ತಿದ್ದುವ ಚಟವನ್ನು ಮೊದಲು ಬಿಡಬೇಕು. ನೆನಪು ತಪ್ಪಿದ್ದರೆ ತಿದ್ದದೆ ಪಕ್ಕದಲ್ಲಿ ಇನ್ನೊಬ್ಬರ ನೆನಪನ್ನಿಡಬೇಕು. 1948ರ ಮಡೆನೂರು ಅಣೆಕಟ್ಟಿನ ನೀರಿಗೆ ಮನೆ ಬಿಟ್ಟವರ ಕಥೆಯೂ ಲಿಂಗನಮಕ್ಕಿಯ ಕಥೆಯೂ ಎಷ್ಟೋ ಬಾಯಲ್ಲಿ ಒಂದಾಗಿವೆ. ಆ ಹಳೆಯ ಕಟ್ಟೆಯೇ ಈಗ ಹಿನ್ನೀರಿನೊಳಗಿದ್ದು, ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಮೇಲೇಳುತ್ತದೆ. ಯಾವ ನೋವು ಯಾವ ಅಣೆಕಟ್ಟಿನದೆಂದು ಬಿಡಿಸುವುದು ಕೇಳುವವರ ಕೆಲಸ.

ಸಮಯ ಕಡಿಮೆಯಿದೆ. ಲಿಂಗನಮಕ್ಕಿಯ ಮುಳುಗಡೆಯಾದಾಗ ಹದಿನೈದರ ಹುಡುಗಿಯಾಗಿದ್ದವಳಿಗೆ ಈಗ ಎಪ್ಪತ್ತೈದು ದಾಟಿದೆ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ, ಹಿನ್ನೀರು ದಾಟಲು ಲಾಂಚಿಗೆ ಕಾಯುತ್ತ ಆಡುತ್ತಿದ್ದ ಮಾತಿಗೂ ಎಡೆ ಕಡಿಮೆಯಾಗಿದೆ. ಸೇತುವೆ ಬೇಕೇ ಇತ್ತು, ದಶಕಗಳ ಬೇಡಿಕೆ ಅದು. ಸಂಗ್ರಹಿಸಿದ್ದೆಲ್ಲ ಬೆಂಗಳೂರಿನ ಹಾರ್ಡ್‌ಡಿಸ್ಕಿನಲ್ಲಿ ಕೂರುವುದಾದರೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ಪಟದ ಪ್ರತಿ, ಮಾತಿನ ಪ್ರತಿ ಹೇಳಿದವರ ಮನೆಗೆ ಮರಳಬೇಕು. ಒಂದು ಸೆಟ್ ಹಿನ್ನೀರಿನಾಚೆಯ ತುಮರಿಯಲ್ಲಿ, ಇನ್ನೊಂದು ಶಿವಮೊಗ್ಗದತ್ತ ನೆಲೆನಿಂತವರ ಊರುಗಳ ಪಂಚಾಯಿತಿ ಗ್ರಂಥಾಲಯಗಳಲ್ಲಿ ಇರಬೇಕು. ಅಲ್ಲಿ ಇಂದಿಗೂ ಮುಳುಗಡೆ ಸಂತ್ರಸ್ತರ ಭೂಮಿಯ ಹಕ್ಕು ಅರಣ್ಯದ ಕಾಯಿದೆಗಳ ನಡುವೆ ಸಿಕ್ಕಿಕೊಂಡಿದೆ. ಅಜ್ಜ ಎಲ್ಲಿಂದ ಬಂದ, ಏಕೆ ಬಂದ ಎಂದು ಮೊಮ್ಮಗ ಕಚೇರಿಯೆದುರು ಹೇಳಬೇಕಾದಾಗ ಆ ಪ್ರತಿ ಅವನ ಕೈಗೆಟುಕುವಂತಿರಬೇಕು.